ಕಣ್ಣು ಕಟ್ಟಿ ಹಾಸಿದ ಹಾಸಿಗೆ

ಮೆಲ್ಬರ್ನಿನ ಸದರ್ನ್ ಕ್ರಾಸ್ ಸ್ಟೇಷನ್ನಿಂದ ಐದು ನಿಮಿಷ ನಡೆದರೆ ಒಂದು ಹೋಟೆಲ್ ಸಿಗುತ್ತದೆ. ತೀರಾ ದುಬಾರಿಯೂ ಅಲ್ಲ, ತೀರಾ ಅಗ್ಗವೂ ಅಲ್ಲ. ಅಲ್ಲಿ ರೂಮು ಸ್ವಚ್ಛ ಮಾಡುವ ಮೂವತ್ತು ಜನರಿಗೆ ನಾನು ಮ್ಯಾನೇಜರು. ಹೆಸರು ಇಂದ್ರೇಶ್, ತುಮಕೂರಿನವನು. ಓದಲೆಂದು ಬಂದು, ಕಾಯಂ ನೆಲೆಸುವ ಪಿಆರ್ ಸಿಕ್ಕಿದ ಮೇಲೆ ಇಲ್ಲೇ ಉಳಿದೆ. ನನ್ನ ಬಗ್ಗೆ ಇಷ್ಟು ಸಾಕು. ಹೇಳಬೇಕಾಗಿರುವುದು ಚನ್ನಬಸವ್ವ ಆಂಟಿಯ ವಿಷಯ.

ಬೆಳಿಗ್ಗೆ ಏಳೂಕಾಲಿಗೆ ನೆಲಮಾಳಿಗೆಯ ಆಫೀಸಿನಲ್ಲಿ ಪ್ರತಿಯೊಬ್ಬರ ಕೈಗೂ ಒಂದು ಹಾಳೆ ಕೊಡುವುದು ನನ್ನ ಕೆಲಸ. ಆ ದಿನ ಯಾರು ಯಾವ ಹದಿನಾಲ್ಕು ರೂಮು ಮಾಡಬೇಕೆಂಬುದು ಅದರಲ್ಲಿರುತ್ತದೆ. ಕೆಲವರು ಗೊಣಗುತ್ತಾರೆ, ಕೆಲವರು ಮಹಡಿ ಬದಲಾಯಿಸಿ ಕೊಡಿ ಅನ್ನುತ್ತಾರೆ. ಚನ್ನಬಸವ್ವ ಆಂಟಿ ಮಾತ್ರ ಹಾಳೆಯನ್ನು ಮಡಚಿ ಜೇಬಿಗೆ ಹಾಕಿಕೊಂಡು, "ಬರ್ತೀನಪಾ" ಎಂದು ಲಿಫ್ಟಿನ ಕಡೆ ಹೊರಟುಬಿಡುತ್ತಿದ್ದರು. ಆರು ವರ್ಷ ನಾನು ಅವರನ್ನು ನೋಡಿದ್ದು ಅಷ್ಟೇ. ಅವರು ಮಾಡಿದ ರೂಮಿನ ಬಗ್ಗೆ ಒಂದು ದೂರೂ ಬರುತ್ತಿರಲಿಲ್ಲ. ಹಾಗಾಗಿ ಅವರ ಬಗ್ಗೆ ಯೋಚಿಸುವ ಸಂದರ್ಭವೂ ನನಗೆ ಬಂದಿರಲಿಲ್ಲ.

ಅವರು ಹುಬ್ಬಳ್ಳಿಯವರು. ಗಂಡ ಶಂಭುಲಿಂಗ ಅಂಕಲ್ ಅಲ್ಲಿ ಲಾರಿ ಇಂಜಿನ್ ರಿಪೇರಿ ಮಾಡುತ್ತಿದ್ದವರು. ಡೀಸೆಲ್ ಮೆಕ್ಯಾನಿಕ್‌ಗಳಿಗೆ ಆಸ್ಟ್ರೇಲಿಯಾ ವೀಸಾ ಕೊಡುತ್ತಿದ್ದ ದಿನಗಳಲ್ಲಿ, ಎರಡು ಸಾವಿರದ ಏಳರಲ್ಲಿ, ಸಂಸಾರ ಸಮೇತ ಮೆಲ್ಬರ್ನಿಗೆ ಬಂದರು. ಒಬ್ಬಳೇ ಮಗಳು ಮಹಾಶ್ವೇತಾಗೆ ಆಗ ಹದಿನಾಲ್ಕು ವರ್ಷ. ಆಂಟಿ ಓದಿದ್ದು ಏಳನೆಯ ಇಯತ್ತೆ. ಬಂದ ಮರುವರ್ಷವೇ ಈ ಹೋಟೆಲಿಗೆ ಸೇರಿ, ಕಾರಿಡಾರುಗಳಲ್ಲೇ ಇಂಗ್ಲಿಷ್ ಕಲಿತರು. ಮೆಲ್ಬರ್ನಿನ ಹೊರವಲಯದ ಪಾಯಿಂಟ್ ಕುಕ್‌ನಲ್ಲಿ ಮನೆಯಾಯಿತು. ಮಗಳು ಓದಿ, ಮದುವೆಯಾಗಿ, ಸಿಡ್ನಿಯ ಗಿರಾವೀನ್‌ಗೆ ಹೋದಳು. ಅಲ್ಲಿ ಆಸ್ಪತ್ರೆಯೊಂದರಲ್ಲಿ ಎಕ್ಸ್‌ರೇ, ಸ್ಕ್ಯಾನ್ ಮಾಡುವ ಕೆಲಸ.

ಆ ಮಗಳು ಕಳೆದ ಜನವರಿಯಲ್ಲಿ ಒಂದು ದಿನ ಫೋನ್ ಮಾಡಿದಳಂತೆ.

"ಅವ್ವಾ, ಏಪ್ರಿಲ್‌ನಾಗ ಹತ್ತು ದಿನ ಲೀವ್ ಹಾಕು. ಚೈನಾ ಟೂರ್ ಬುಕ್ ಮಾಡೀನಿ. ನೀನು, ನಾನು, ಇಬ್ರ."

"ಚೈನಾಕ್ಕ? ಅಲ್ಲಿ ಯಾರದಾರವಾ ನಮ್ಮವರು?"

"ಯಾರೂ ಇಲ್ಲ. ಅದಕ್ಕ ಹೋಗೂದು."

ಅಲ್ಲಿಯವರೆಗೆ ಆಂಟಿ ಹಾಕಿದ ರಜೆಯೆಲ್ಲ ಹುಬ್ಬಳ್ಳಿಗೇ ಹೋಗಿತ್ತು. ತಮ್ಮನ ಮದುವೆ, ತಂಗಿಯ ಮಗಳ ಬಸಿರಿನ ಕುಬಸ, ಅತ್ತೆಯ ಮಣ್ಣು. ಈ ಸಲ ರಜೆ ಅರ್ಜಿಯನ್ನು ನನ್ನ ಮೇಜಿನ ಮೇಲಿಟ್ಟಾಗ, ಕಾರಣ ಬರೆಯುವ ಜಾಗದಲ್ಲಿ ದೊಡ್ಡ ಅಕ್ಷರಗಳಲ್ಲಿ 'ನೋಡಲಿಕ್ಕೆ' ಎಂದು ಇಂಗ್ಲಿಷಿನಲ್ಲಿ ಬರೆದಿದ್ದರು. ನಾನು ನಕ್ಕು ಸಹಿ ಹಾಕಿದೆ.

ಮುಂದಿನದನ್ನೆಲ್ಲ ಅವರ ಬಾಯಿಂದಲೇ ಕೇಳಿದ್ದು. ಕೆಲವನ್ನು ಮಹಾಶ್ವೇತಾ ತೆಗೆದ ವಿಡಿಯೋಗಳಲ್ಲಿ ಕಣ್ಣಾರೆ ಕಂಡೆ.

ಸಿಡ್ನಿಯಿಂದ ಹೊರಟ ಆ ಟೂರಿನಲ್ಲಿ ಇಪ್ಪತ್ತೆರಡು ಜನ. ಮೊದಲ ನಿಲುಗಡೆ ಬೀಜಿಂಗ್. ಅಲ್ಲಿನ ಹೋಟೆಲಿನಲ್ಲಿ ಬೆಳಿಗ್ಗೆ ಮಗಳು ಸ್ನಾನ ಮುಗಿಸಿ ಬರುವಷ್ಟರಲ್ಲಿ ಆಂಟಿ ಎರಡೂ ಹಾಸಿಗೆ ಸರಿಮಾಡಿ, ದಿಂಬುಗಳನ್ನು ತಟ್ಟಿ ನಿಲ್ಲಿಸಿ, ಒದ್ದೆ ಟವೆಲುಗಳನ್ನು ಒಂದೆಡೆ ಗುಡ್ಡೆ ಹಾಕಿದ್ದರು.

"ಅವ್ವಾ! ಏನ್ ಮಾಡಾಕತ್ತಿ? ಇಲ್ಲಿ ನೀ ಗೆಸ್ಟ್ ಅದೀ!"

"ಗೆಸ್ಟ್ ಆದ್ರ ಕೈ ಸುಮ್ನ ಕುಂದರ್ತಾವೇನ?"

ಆ ದಿನ ಮಹಾಗೋಡೆ ನೋಡಲು ಹೋದರು. ಮೆಟ್ಟಿಲುಗಳು ಒಂದರಂತೆ ಒಂದಿಲ್ಲ. ಒಂದು ಗೇಣೆತ್ತರವಿದ್ದರೆ ಇನ್ನೊಂದು ಮೊಣಕಾಲೆತ್ತರ. ಮೊದಲನೆಯ ಕಾವಲು ಗೋಪುರಕ್ಕೆ ಹತ್ತಿ ನಿಂತು ಆಂಟಿ ಹಣೆಗೆ ಕೈ ಅಡ್ಡ ಹಿಡಿದು ನೋಡಿದರಂತೆ. ಗೋಡೆ ಎದುರಿನ ಗುಡ್ಡದ ಬೆನ್ನೇರಿ ಆಚೆ ಇಳಿದಿತ್ತು. ಅದರಾಚೆಯ ಗುಡ್ಡದ ಮೇಲೂ ಅದೇ ಗೋಡೆ. ಇನ್ನೂ ಆಚೆ, ಬಿಸಿಲ ಮಬ್ಬಿನಲ್ಲಿ ಗುಡ್ಡ ಯಾವುದು ಮೋಡ ಯಾವುದು ತಿಳಿಯದ ಕಡೆಯಲ್ಲೂ ಒಂದು ತೆಳುವಾದ ಗೆರೆ.

"ಅಲ್ಲವಾ, ಇಷ್ಟು ಕಲ್ಲು ಹೊತ್ತು ತಂದವರ ಹೆಸರು ಎಲ್ಲೆರೆ ಬರದಾರೇನು? ಕೇಳು" ಎಂದು ಮಗಳಿಗೆ ಹೇಳಿದರು. ಗೈಡ್ ಹುಡುಗಿ, ಕೆಲವು ಇಟ್ಟಿಗೆಗಳ ಮೇಲೆ ಅವನ್ನು ಮಾಡಿದ ತಂಡಗಳ ಗುರುತಿದೆಯಂತೆ, ಹೊತ್ತವರದು ಗೊತ್ತಿಲ್ಲ ಎಂದಳು. ಆಂಟಿ ಗೋಡೆಯ ಮೇಲೆ ಅಂಗೈ ಇಟ್ಟುಕೊಂಡೇ ಮುಂದಿನ ಗೋಪುರ ಹತ್ತಿದರು. ಅಲ್ಲಿಂದ ಇನ್ನೊಂದು. ಮಗಳು ಸಾಕು ಸಾಕು ಅಂದರೂ ಇನ್ನೊಂದು. ಐವತ್ತಾರು ವರ್ಷದ ಮೊಣಕಾಲು ಆ ದಿನ ಏನೂ ಅನ್ನಲಿಲ್ಲ. ಎರಡು ದಿನ ತಡೆದು ಅಂದಿತು.

ಆ ನಡುವೆ ಬೀಜಿಂಗಿನಿಂದ ಷಿಯಾನ್ ಎಂಬ ಊರಿಗೆ ರೈಲು. ಗಂಟೆಗೆ ಮುನ್ನೂರು ಕಿಲೋಮೀಟರು ಎಂದು ಬಾಗಿಲ ಮೇಲಿನ ಪರದೆಯಲ್ಲಿ ಅಂಕಿ ಮೂಡಿತು. ಆಂಟಿ ತಮ್ಮ ಮುಂದಿದ್ದ ಚಹಾದ ಲೋಟವನ್ನೇ ನೋಡುತ್ತ ಕೂತರು. ಹೊರಗೆ ಗೋಧಿಹೊಲಗಳು ನೀರಿನಂತೆ ಹಿಂದಕ್ಕೆ ಹರಿಯುತ್ತಿದ್ದವು, ಲೋಟದಲ್ಲಿ ಚಹಾ ಅಲ್ಲಾಡಲಿಲ್ಲ. ನಮ್ಮ ವೆರಿಬಿ ಲೈನಿನ ರೈಲಿನಲ್ಲಿ ದಿನಾ ಬೆಳಿಗ್ಗೆ ಎರಡು ಕೈಯಲ್ಲಿ ಕಂಬಿ ಹಿಡಿದು ಬರುವವರು ಅವರು. "ನಾ ಹುಟ್ಟಿದ್ದು ಸಾರ್ಥಕ ಆತು ಅನಿಸ್ತಪಾ. ಒಂದ್ ಲೋಟ ಚಹಾ ನೋಡಿ!" ಎಂದು ನನಗೆ ಹೇಳುವಾಗಲೂ ಅವರ ಕಣ್ಣುಗಳು ಅಗಲವಾಗಿದ್ದವು.

ಷಿಯಾನ್ ತುಂಬಾ ಹಳೆಯ ರಾಜಧಾನಿ. ಊರ ನಡುಭಾಗವನ್ನು ಸುತ್ತುವರಿದ ಕೋಟೆಗೋಡೆ ಇಂದಿಗೂ ಗಟ್ಟಿಯಾಗಿ ನಿಂತಿದೆ. ಮೇಲೆ ಜನ ಸೈಕಲ್ ಹೊಡೆಯುವಷ್ಟು ಅಗಲ. ಇವರ ಹೋಟೆಲ್ ಆ ಗೋಡೆಗೆ ಎದುರಾಗಿ ಇತ್ತು. ನಮ್ಮ ಹೋಟೆಲಿನಂಥದ್ದೇ, ಮಧ್ಯಮ ದರ್ಜೆಯದು. ಹನ್ನೊಂದನೆಯ ಮಹಡಿ. ಮಗಳು ರೂಮಿನ ಕೀಲಿಕಾರ್ಡನ್ನು ಗೋಡೆಯಲ್ಲಿ ಸಿಕ್ಕಿಸಿದೊಡನೆ ಕಿಟಕಿಯ ಪರದೆಗಳು ತಾವಾಗಿ ಎರಡೂ ಕಡೆ ಸರಿದವು. ಸಂಜೆಯ ಬಿಸಿಲಲ್ಲಿ ಕೋಟೆಗೋಡೆ, ಅದರ ಮೇಲೆ ಇರುವೆಗಳಂತೆ ಸೈಕಲ್ಲುಗಳು, ಆಚೆ ಕಣ್ಣು ಮುಟ್ಟುವವರೆಗೆ ಮೂವತ್ತು ನಲವತ್ತು ಮಹಡಿಯ ಕಟ್ಟಡಗಳು.

ಮಗಳು ಕಿಟಕಿಯ ಹತ್ತಿರ ಫೋಟೋ ತೆಗೆಯುತ್ತಿದ್ದಾಗ ಆಂಟಿ ರೂಮನ್ನು ಪರೀಕ್ಷೆ ಮಾಡುತ್ತಿದ್ದರು. ಬಾಗಿಲ ಚೌಕಟ್ಟಿನ ಮೇಲೆ ಬೆರಳಾಡಿಸಿದರು. ಧೂಳಿಲ್ಲ. ಕನ್ನಡಿಯನ್ನು ಓರೆಯಿಂದ ನೋಡಿದರು. ಒರೆಸಿದ ಗೆರೆಯಿಲ್ಲ. ಮಂಚದ ಕಾಲಿನ ಹಿಂದೆ, ಸಿಂಕಿನ ಅಡಿ, ಟೆಲಿಫೋನಿನ ಕೆಳಗೆ, ನಾವು ಮ್ಯಾನೇಜರುಗಳು ನೋಡದ, ಕೆಲಸ ಮಾಡಿದವರಿಗಷ್ಟೇ ಗೊತ್ತಿರುವ ಜಾಗಗಳನ್ನೆಲ್ಲ ನೋಡಿದರು. ಕೊನೆಗೆ ಹಾಸಿಗೆಯ ಮುಂದೆ ನಿಂತರು. ಮೂಲೆಯ ಮಡಿಕೆ ಲಕೋಟೆಯ ಹಾಗೆ ಚೂಪಾಗಿತ್ತು. ಶೀಟಿನ ನಡುಗೆರೆ ಮಂಚದ ನಟ್ಟನಡುವೆ ನೂಲು ಹಿಡಿದ ಹಾಗಿತ್ತು.

"ಯಾರೋ ಗಟ್ಟಿಗಿತ್ತಿ ಮಾಡ್ಯಾಳ ನೋಡು ಈ ರೂಮು" ಎಂದರು.

"ಅವ್ವಾ, ಕಿಟಕಿಯಿಂದ ಹೊರಗ ನೋಡು. ಸಿಟಿ ವಾಲ್ ಆರ್ನೂರು ವರ್ಷದ್ದು!"

"ನೋಡ್ತೀನಿ, ತಡಿ. ಇದನ್ನ ನೋಡಿ ನೋಡ್ತೀನಿ."

ಮರುದಿನ ಬೆಳಿಗ್ಗೆ ಎದ್ದು ನೆಲಕ್ಕೆ ಕಾಲಿಟ್ಟಾಗ ಎಡ ಮೊಣಕಾಲು ಬಾತು ಗಡಿಗೆಯಂತಾಗಿತ್ತು. ಆ ದಿನವೇ ಮಣ್ಣಿನ ಸೈನಿಕರನ್ನು ನೋಡುವ ಕಾರ್ಯಕ್ರಮ. ಎರಡು ಸಾವಿರ ವರ್ಷಗಳ ಹಿಂದೆ ರಾಜನೊಬ್ಬನ ಗೋರಿಗೆ ಕಾವಲಿಟ್ಟು ಹೂತಿದ್ದ ಆಳೆತ್ತರದ ಸಾವಿರಾರು ಬೊಂಬೆಗಳು. ಆ ಟೂರಿಗೆ ಬಂದವರೆಲ್ಲ ಬಂದದ್ದೇ ಅದಕ್ಕಾಗಿ. ಮಗಳು ತಾನೂ ಹೋಗುವುದಿಲ್ಲ ಎಂದು ಹಟ ಹಿಡಿದಳು.

"ನಿನ್ನ ಒಬ್ಬಾಕಿನ್ನ ಬಿಟ್ಟು ಹೆಂಗ ಹೋಗ್ಲಿ? ಭಾಷೆ ಬರಂಗಿಲ್ಲ, ನಥಿಂಗ್."

"ನನಗೇನಾಗೇತಿ? ಹೋಟೆಲ್ ಒಳಗ ನಾ ದಾರಿ ತಪ್ತೀನೇನು? ನೀ ಹೋಗಿ ಬಾ. ಎರಡು ಸಾವಿರ ವರ್ಷ ನಿಂತಾರ ಅವರು, ನಾ ಇನ್ನೊಮ್ಮೆ ಬರೂತನಕ ನಿಂತಿರ್ತಾರ."

ಮಗಳು ಮೊಣಕಾಲಿಗೆ ಐಸ್ ಕಟ್ಟಿ, ಕೆಳಗೆ ರಿಸೆಪ್ಷನ್ನಿಗೆ ಹೇಳಿ, ಬೆಳಗಿನ ತಿಂಡಿ ರೂಮಿಗೇ ಬರುವಂತೆ ಮಾಡಿ, ನೂರು ಸಲ ಎಚ್ಚರಿಕೆ ಹೇಳಿ ಬಸ್ಸು ಹತ್ತಿದಳು.

ಸ್ವಲ್ಪ ಹೊತ್ತಿಗೆ ಟೆಲಿಫೋನು ರಿಂಗಾಯಿತು. ಎತ್ತಿದರೆ ಚಿಕ್ಕ ಮಗುವಿನಂಥ ಧ್ವನಿ, ಮೊದಲು ಚೀನಿ, ಆಮೇಲೆ ಇಂಗ್ಲಿಷ್: ನಾನು ನಿಮ್ಮ ಬಾಗಿಲಲ್ಲಿದ್ದೇನೆ. ಆಂಟಿ ಕುಂಟುತ್ತ ಹೋಗಿ ಬಾಗಿಲು ತೆರೆದರು. ಯಾರೂ ಇಲ್ಲ. ಕಣ್ಣು ಕೆಳಗಿಳಿಸಿದರೆ ಸೊಂಟದೆತ್ತರದ ಬಿಳಿಯ ಯಂತ್ರ. ಮುಖದ ಜಾಗದಲ್ಲಿ ಎರಡು ನೀಲಿ ಕಣ್ಣು ಪಿಳಪಿಳ ಮಾಡುತ್ತಿವೆ. ತಾನೇ ಲಿಫ್ಟು ಹತ್ತಿ, ಹನ್ನೊಂದನೆಯ ಮಹಡಿಯಲ್ಲಿಳಿದು, ರೂಮು ಹುಡುಕಿಕೊಂಡು ಬಂದಿದೆ. ಅದರ ತಲೆಯ ಮುಚ್ಚಳ ತೆರೆಯಿತು. ಒಳಗೆ ಮುಚ್ಚಿದ ಬಟ್ಟಲು.

"ಅಯ್ಯ ಯವ್ವಾ! ಬಾರಪಾ, ಒಳಗ ಬಾ" ಎಂದುಬಿಟ್ಟರಂತೆ. ಅದು ಒಳಗೆ ಬರಲಿಲ್ಲ. ಬಟ್ಟಲು ತೆಗೆದುಕೊಂಡ ಮೇಲೆ ತಿರುಗಿ, ಕಾರಿಡಾರಿನ ಮಧ್ಯದಲ್ಲಿ ನೆಟ್ಟಗೆ ಹೋಗಿ, ಲಿಫ್ಟಿನ ಮುಂದೆ ಸರದಿಯಲ್ಲಿ ನಿಂತಿತು. ಲಿಫ್ಟಿನಿಂದ ಇಳಿದವರಿಗೆ ದಾರಿ ಬಿಟ್ಟು ಆಮೇಲೆ ತಾನು ಹತ್ತಿತು. ಆಂಟಿ ಒಂದು ಕಾಲಲ್ಲಿ ನಿಂತು ಅದನ್ನೇ ನೋಡಿದರು.

ಬಟ್ಟಲು ತೆರೆದಾಗ ಇನ್ನೊಂದು ಆಶ್ಚರ್ಯ. ಹಳದಿ ಬಣ್ಣದ ಬಿಸಿ ಗಂಜಿ, ಪಕ್ಕದಲ್ಲಿ ಬೇಯಿಸಿದ ಗೆಣಸು, ಮುಸುಕಿನ ಜೋಳದ ತೆನೆಯ ತುಂಡು, ಒಂದು ಹಿಡಿ ಶೇಂಗಾ. ಗಂಜಿಯನ್ನು ಬಾಯಿಗಿಟ್ಟರು. ನವಣೆ! ಎಳೆವೆಯಲ್ಲಿ ಜ್ವರ ಬಂದಾಗ ಅವರ ಅಜ್ಜಿ ಕಾಸುತ್ತಿದ್ದ ನವಣೆಗಂಜಿ. ಮೆಲ್ಬರ್ನಿನ ಇಂಡಿಯನ್ ಅಂಗಡಿಯಲ್ಲಿ ಹುಡುಕಿ ತರಬೇಕಾದ ನವಣೆಯನ್ನು ಇಲ್ಲಿ ಯಂತ್ರವೊಂದು ಹನ್ನೊಂದನೆಯ ಮಹಡಿಗೆ ತಂದುಕೊಟ್ಟು ಹೋಗಿತ್ತು. ತಳ ಕಾಣುವವರೆಗೆ ಕುಡಿದರು.

ಹತ್ತು ಗಂಟೆಯ ಹೊತ್ತಿಗೆ ಬಾಗಿಲು ಬಡಿದ ಸದ್ದು. ಮೂರು ಸಲ, ಬೆರಳ ಗಿಣ್ಣಿನಿಂದ. "ಹೌಸ್‌ಕೀಪಿಂಗ್."

ಹದಿನೇಳು ವರ್ಷ ಬಾಗಿಲ ಹೊರಗೆ ನಿಂತು ಆಂಟಿ ತಾವೇ ಹೇಳಿದ ಮಾತು ಅದು. ಒಳಗೆ ಕೂತು ಕೇಳಿದ್ದು ಇದೇ ಮೊದಲು. ಒಳಗಿನವರು ಏನನ್ನಬೇಕು? ನಮ್ಮಲ್ಲಿ ಗೆಸ್ಟುಗಳು ಆಮೇಲೆ ಬಾ ಅನ್ನುತ್ತಾರೆ, ಕೆಲವರು ಏನೂ ಅನ್ನುವುದಿಲ್ಲ. ಆಂಟಿ ಎದ್ದು ಹೋಗಿ ಬಾಗಿಲು ಪೂರ್ತಿ ತೆರೆದು, ಎರಡೂ ಕೈ ಜೋಡಿಸಿದರು.

ಬಂದವಳು ಐವತ್ತರ ಆಸುಪಾಸಿನ ಹೆಂಗಸು. ಗಿಡ್ಡ ಕೂದಲು, ಬೂದುಬಣ್ಣದ ಸಮವಸ್ತ್ರ. ಎದೆಯ ಮೇಲಿನ ಪಟ್ಟಿಯಲ್ಲಿ ಹೆಸರು: ಯೂಲಾನ್. ಗೆಸ್ಟು ಕೈಮುಗಿದದ್ದು ಕಂಡು ಗಾಬರಿಯಾಗಿ ತಾನೂ ಬಗ್ಗಿದಳು. ಬಾತ ಮೊಣಕಾಲು ನೋಡಿ, ಆಂಟಿಯ ತೋಳು ಹಿಡಿದು ಕುರ್ಚಿಯಲ್ಲಿ ಕೂರಿಸಿದಳು. ಆಮೇಲೆ ಕೆಲಸ ಶುರುಮಾಡಿದಳು.

ಹಳೆಯ ಶೀಟು ತೆಗೆದು, ಹೊಸದರ ಒಂದು ಅಂಚು ಹಿಡಿದು, ಮಂಚದ ಕಾಲ್ದೆಸೆಯಲ್ಲಿ ನಿಂತು ಒಂದು ಸಲ ಬೀಸಿದಳು. ಒಂದೇ ಸಲ. ಶೀಟು ಗಾಳಿ ತುಂಬಿಕೊಂಡು ಹಂದರದಂತೆ ಎದ್ದು, ನಿಧಾನವಾಗಿ ಇಳಿದು, ನಡುಗೆರೆ ಸರಿಯಾಗಿ ಮಂಚದ ನಡುವೆ ಬಂದು ಕೂತಿತು. ಎಳೆದು ಸರಿಮಾಡಲು ಏನೂ ಉಳಿದಿರಲಿಲ್ಲ.

"ನಾ ಎಷ್ಟು ಶೀಟ್ ಹಾಸೀನಿ ಇಂದ್ರೇಶಾ, ಲೆಕ್ಕ ಇಲ್ಲ" ಎಂದರು ಆಂಟಿ ನನಗೆ. "ಮೂರು ಸಲ ಎಳೀತೀನಿ, ಆ ಕಡೆ ಹೋಗ್ತೀನಿ, ಈ ಕಡೆ ಬರ್ತೀನಿ. ಆಕಿ ನಿಂತಲ್ಲಿಂದ ಕದಲಲಿಲ್ಲ. ಮೈ ಜುಮ್ ಅಂತು ನನಗ."

ಕುರ್ಚಿಯಲ್ಲಿ ಕೂತಿರಲು ಆಗಲಿಲ್ಲ. ಎದ್ದು ಮಂಚದ ಇನ್ನೊಂದು ಬದಿಗೆ ಹೋಗಿ ಶೀಟಿನ ಮೂಲೆ ಹಿಡಿದರು. ಯೂಲಾನ್ ಬೇಡ ಬೇಡವೆಂದು ಕೈಯಾಡಿಸಿದಳು. ಆಗ ಆಂಟಿ ಫೋನು ತೆಗೆದು ಒಂದು ಫೋಟೋ ತೋರಿಸಿದರು. ನಮ್ಮ ಹೋಟೆಲಿನ ಕಪ್ಪು ಅಂಗಿ, ಮುಂದೆ ಟವೆಲು ತುಂಬಿದ ಟ್ರಾಲಿ, ಪಕ್ಕದಲ್ಲಿ ಚನ್ನಬಸವ್ವ. ಯೂಲಾನ್ ಫೋಟೋ ನೋಡಿದಳು, ಆಂಟಿಯನ್ನು ನೋಡಿದಳು, ಮತ್ತೆ ಫೋಟೋ ನೋಡಿ ಕಿಟಾರನೆ ಕೂಗಿ ನಕ್ಕಳು. "ದಾಜ್ಯೆ!" ಎಂದು ಆಂಟಿಯ ಎರಡೂ ಕೈ ಹಿಡಿದುಕೊಂಡಳು. ಅಕ್ಕಾ ಎಂದರ್ಥ.

ಆಮೇಲೆ ಮಾತೆಲ್ಲ ಯೂಲಾನ್‌ಳ ಫೋನಿನ ಮೂಲಕ ನಡೆಯಿತು. ಅವಳು ಚೀನಿಯಲ್ಲಿ ಹೇಳಿದ್ದನ್ನು ಅದು ಇಂಗ್ಲಿಷಿನಲ್ಲಿ ನುಡಿಯುತ್ತಿತ್ತು, ಆಂಟಿಯ ಇಂಗ್ಲಿಷನ್ನು ಚೀನಿಯಲ್ಲಿ. ಯೂಲಾನ್‌ಳ ತವರು ಷಿಯಾನ್‌ನ ಉತ್ತರದ ಮಣ್ಣುಗುಡ್ಡಗಳಲ್ಲಿ. ಗುಡ್ಡ ಕೊರೆದು ಮಾಡಿದ ಮನೆಯಲ್ಲಿ ಹುಟ್ಟಿದವಳು. ಅವಳಮ್ಮ ಈಗಲೂ ಅಲ್ಲಿ ನವಣೆ ಬೆಳೆಯುತ್ತಾಳೆ. ನಮ್ಮಲ್ಲೂ ನವಣೆ ಐತಿ ಎಂದು ಆಂಟಿ ಹೇಳಿದಾಗ ಅವಳು ನಂಬಲಿಲ್ಲ. ಅಷ್ಟು ದೂರದಲ್ಲಿ ಹೇಗೆ ಇರಲು ಸಾಧ್ಯ ಎಂದು ಎರಡು ಸಲ ಕೇಳಿದಳು.

ನೀನು ಒಂದೇ ಸಲಕ್ಕೆ ಶೀಟು ಹೇಗೆ ಬೀಸುತ್ತೀ ಎಂದು ಆಂಟಿ ಕೇಳಿದರು. ಯೂಲಾನ್ ಒಂದು ವಿಡಿಯೋ ಹಚ್ಚಿದಳು.

ಮದುವೆ ಹಾಲಿನಂಥ ದೊಡ್ಡ ಹಾಲು. ಮೇಲೆ ಕೆಂಪು ಬ್ಯಾನರು. ಸಾಲಾಗಿ ಇಪ್ಪತ್ತು ಬರೀ ಮಂಚಗಳು, ಪ್ರತಿಯೊಂದರ ಮುಂದೆ ಸಮವಸ್ತ್ರದ ಒಬ್ಬ ಹೆಂಗಸು ಅಥವಾ ಗಂಡಸು. ಎಲ್ಲರ ಕಣ್ಣಿಗೂ ಕಪ್ಪು ಬಟ್ಟೆ ಕಟ್ಟಿದೆ. ಸುತ್ತ ನೂರಾರು ಜನ. ಆಂಟಿಗೆ ಮೊದಲು ಇದೇನೋ ಶಿಕ್ಷೆ ಅನ್ನಿಸಿತಂತೆ. ಸೀಟಿ ಊದಿದರು. ಇಪ್ಪತ್ತು ಬಿಳಿ ಶೀಟುಗಳು ಒಮ್ಮೆಲೇ ಗಾಳಿಗೆ ಎದ್ದವು. ಕಣ್ಣು ಕಟ್ಟಿಕೊಂಡೇ ಮೂಲೆ ಮಡಿಸಿದರು, ರಜಾಯಿಯನ್ನು ಅದರ ಕವರಿಗೆ ತುಂಬಿದರು, ದಿಂಬಿಗೆ ಗವಸು ಏರಿಸಿದರು. ಎಡದಿಂದ ನಾಲ್ಕನೆಯವಳು ಯೂಲಾನ್. ಎರಡು ನಿಮಿಷ ಐವತ್ತು ಸೆಕೆಂಡಿಗೆ ಅವಳು ಕೈಯೆತ್ತಿದಳು. ತೀರ್ಪುಗಾರರು ಅಳತೆಪಟ್ಟಿ ಹಿಡಿದು ನಡುಗೆರೆ ಅಳೆದರು. ಇಡೀ ನಗರದ ಹೋಟೆಲುಗಳ ಸ್ಪರ್ಧೆಯಲ್ಲಿ ಅವಳಿಗೆ ಎರಡನೆಯ ಬಹುಮಾನ. ಕೊರಳಿಗೆ ಕೆಂಪು ಪಟ್ಟಿಯ ಪದಕ ಹಾಕಿದರು. ಜನ ಎದ್ದು ನಿಂತು ಚಪ್ಪಾಳೆ ಹೊಡೆದರು.

ಆಂಟಿ ಆ ವಿಡಿಯೋವನ್ನು ಮೂರು ಸಲ ನೋಡಿದರು. ಹಾಸಿಗೆ ಹಾಸುವುದನ್ನು ನೋಡಲು ಜನ ಬಂದು ಕೂತಿದ್ದಾರೆ. ನಮ್ಮ ಕೆಲಸದಲ್ಲಿ ಯಾರೂ ನೋಡದಂತೆ ಮಾಡಿ ಮುಗಿಸಿ ಹೋಗುವುದೇ ಜಾಣತನ ಎಂದು ಅವರಿಗೆ ಹೇಳಿಕೊಟ್ಟವರು ನಾವು.

"ಕಣ್ಣು ಯಾಕ ಕಟ್ತಾರ?" ಎಂದು ಕೇಳಿದರು.

ಯೂಲಾನ್ ಫೋನಿಗೆ ಏನೋ ಹೇಳಿದಳು. ಅದು ಇಂಗ್ಲಿಷಿನಲ್ಲಿ ನುಡಿಯಿತು: ಕಣ್ಣು ಬಿಟ್ಟುಕೊಂಡು ಎಲ್ಲರೂ ಮಾಡುತ್ತಾರಲ್ಲ, ಅಕ್ಕಾ.

ಅವಳಿಗೆ ಇನ್ನೂ ರೂಮುಗಳಿದ್ದವು. ಹೋಗುವಾಗ, ಸಂಜೆ ನಾಲ್ಕಕ್ಕೆ ಕೆಲಸ ಮುಗಿಯುತ್ತದೆ, ಆಗ ಬರುತ್ತೇನೆ ಎಂದಳು. ಮಧ್ಯಾಹ್ನವೆಲ್ಲ ಆಂಟಿ ಕಿಟಕಿಯ ಹತ್ತಿರ ಕಾಲು ಚಾಚಿ ಕೂತು ಕೋಟೆಗೋಡೆಯನ್ನು ನೋಡಿದರು. ಆದರೆ ಕಣ್ಣೆದುರು ಬರುತ್ತಿದ್ದುದು ಆ ಇಪ್ಪತ್ತು ಶೀಟುಗಳು.

ನಾಲ್ಕು ಗಂಟೆಗೆ ಯೂಲಾನ್ ಬಂದಳು. ಜೊತೆಗೆ ಅವಳ ಇಬ್ಬರು ಗೆಳತಿಯರು ಮತ್ತು ಆ ಮಹಡಿಯ ಮೇಲ್ವಿಚಾರಕಿ. ಮೊಣಕಾಲಿಗೆ ಹಚ್ಚಲು ಘಾಟು ವಾಸನೆಯ ಎಣ್ಣೆ ತಂದಿದ್ದರು. ಅದನ್ನು ತಿಕ್ಕಿ, ಎದುರಿನ ಖಾಲಿ ರೂಮಿಗೆ ಕರೆದುಕೊಂಡು ಹೋದರು. ಬರೀ ಹಾಸಿಗೆ, ಪಕ್ಕದಲ್ಲಿ ಒಗೆದ ಬಟ್ಟೆಗಳ ಗಂಟು. ಯೂಲಾನ್ ಕೊರಳ ರುಮಾಲು ಬಿಚ್ಚಿ ಕಣ್ಣಿಗೆ ಕಟ್ಟಿಕೊಂಡಳು. ವಿಡಿಯೋದಲ್ಲಿ ನೋಡಿದ್ದು ಈಗ ಎರಡು ಮಾರು ದೂರದಲ್ಲಿ ನಡೆಯಿತು. ಶೀಟಿನ ಅಂಚಿನ ಹೊಲಿಗೆಯನ್ನು ಹೆಬ್ಬೆರಳಿನಿಂದ ಮುಟ್ಟಿ ತಲೆಯ ಕಡೆ ಯಾವುದು, ಕಾಲ ಕಡೆ ಯಾವುದು ಎಂದು ತಿಳಿದುಕೊಳ್ಳುತ್ತಿದ್ದಳು. ಮಂಚದ ಅಂಚಿಗೆ ತನ್ನ ಮಂಡಿ ತಾಗಿಸಿ ನಡು ಎಲ್ಲಿದೆ ಎಂದು ಅಳೆಯುತ್ತಿದ್ದಳು. ರಜಾಯಿಯ ಎರಡು ಮೂಲೆ ಹಿಡಿದು ಒಮ್ಮೆ ಕೊಡವಿದಾಗ ಅದು ಕವರಿನೊಳಗೆ ಮೀನಿನಂತೆ ಜಾರಿ ಹೋಯಿತು.

ಮುಗಿಸಿ ರುಮಾಲು ಬಿಚ್ಚಿ ಆಂಟಿಯ ಕೈಗೆ ಕೊಟ್ಟಳು.

"ನನಗ? ಏ, ಬ್ಯಾಡವಾ!" ಎಂದರು ಆಂಟಿ ಕನ್ನಡದಲ್ಲೇ. ಅದಕ್ಕೆ ಅನುವಾದ ಬೇಕಾಗಲಿಲ್ಲ. ನಾಲ್ವರೂ ನಕ್ಕರು, ಯಾರೂ ಬಿಡಲಿಲ್ಲ. ಹಾಸಿದ್ದನ್ನು ಮತ್ತೆ ಕಿತ್ತು ಗಂಟು ಮಾಡಿದರು.

ಕಣ್ಣು ಕಟ್ಟಿದಾಗ ಮೊದಲು ತಿಳಿದದ್ದು ವಾಸನೆಯಂತೆ. ಬಿಸಿ ಇಸ್ತ್ರಿಯ ಹತ್ತಿಬಟ್ಟೆಯ ವಾಸನೆ, ನಮ್ಮ ನೆಲಮಾಳಿಗೆಯದೇ. ಒಂದು ಕ್ಷಣ ಮೆಲ್ಬರ್ನಿನಲ್ಲೇ ಇದ್ದೇನೆ ಅನ್ನಿಸಿತು. ಶೀಟು ಬೀಸಿದರು. ಅದು ಓರೆಯಾಗಿ ಒಂದು ಬದಿ ನೆಲಕ್ಕೆ ಬಿತ್ತು. ಮತ್ತೆ ಬೀಸಿದರು. ಈ ಸಲ ನಿಂತಿತು. ಹೊಲಿಗೆ ಹುಡುಕಿದರು, ಮಂಡಿ ತಾಗಿಸಿದರು, ನೋವಿಗೆ ಹಲ್ಲು ಕಚ್ಚಿದರು. ಮೂಲೆಗೆ ಬಂದಾಗ ಕೈಗಳು ತಾವಾಗಿ ಮಡಿಸಿದವು.

"ಅಷ್ಟೊತ್ತಿಗೆ ನಾ ಏನೂ ಮಾಡಾಕತ್ತಿರಲಿಲ್ಲಪಾ" ಎಂದರು ನನಗೆ. "ಕೈ ಮಾಡಾಕತ್ತಿದ್ವು, ನಾ ಒಳಗ ಕುಂತು ನೋಡಾಕತ್ತಿದ್ನಿ. ಇವು ಇಷ್ಟೆಲ್ಲ ಯಾವಾಗ ಕಲತವು ಅಂತ ನನಗ ಬೆರಗಾತು."

ಅದೇ ಹೊತ್ತಿಗೆ ಟೂರಿನ ಬಸ್ಸು ವಾಪಸು ಬಂದಿತ್ತು. ಮಹಾಶ್ವೇತಾ ರೂಮಿಗೆ ಬಂದು ನೋಡಿದರೆ ಅವ್ವ ಇಲ್ಲ. ಎದುರು ರೂಮಿನಿಂದ ನಗು, ಚಪ್ಪಾಳೆ ಕೇಳಿ ಬಾಗಿಲಿಗೆ ಬಂದು ನಿಂತಳು. ಅವಳ ಅವ್ವ ಕಣ್ಣಿಗೆ ಹಸಿರು ರುಮಾಲು ಕಟ್ಟಿಕೊಂಡು ದಿಂಬಿನ ಗವಸಿನ ಬಾಯಿ ತಡಕುತ್ತಿದ್ದಾಳೆ. ಸುತ್ತ ನಾಲ್ವರು ಚೀನಿ ಹೆಂಗಸರು ಚಪ್ಪಾಳೆ ತಟ್ಟುತ್ತ ನಿಂತಿದ್ದಾರೆ. ಮಗಳು ತೆಗೆದ, ನಾನು ನೋಡಿದ ವಿಡಿಯೋದ ಆರಂಭ ಅಲ್ಲಿಂದ. ಆಮೇಲೆ ಆಂಟಿ ಎರಡನೆಯ ದಿಂಬು ಇಟ್ಟು ಕೈಯೆತ್ತುತ್ತಾರೆ. ನಾಲ್ಕು ನಿಮಿಷ ನಲವತ್ತು ಸೆಕೆಂಡು. ಯೂಲಾನ್ ಬೆರಳಿನಿಂದ ಅಳೆದು ನಡುಗೆರೆ ಎರಡು ಬೆರಳು ಸರಿದಿದೆ ಎಂದು ತೋರಿಸುತ್ತಾಳೆ. ನಂತರ ಮೂಲೆಯ ಮಡಿಕೆ ನೋಡಿ, ಮೇಲ್ವಿಚಾರಕಿಯನ್ನು ಕರೆದು ಅದನ್ನೂ ತೋರಿಸುತ್ತಾಳೆ. ಇಬ್ಬರೂ ಬಗ್ಗಿ ಆ ಮೂಲೆಯನ್ನೇ ನೋಡುತ್ತಾರೆ. ನಮ್ಮ ಹೋಟೆಲಿನಲ್ಲಿ ಮಡಿಸುವ ಮೂಲೆ ಅದು. ನನಗೆ ಗುರುತು ಸಿಕ್ಕಿತು.

ಸಂಜೆ ಇಬ್ಬರೂ ಊಟಕ್ಕೆ ಕೂತರು.

"ಸೈನಿಕರು ಹೆಂಗಿದ್ರು?" ಎಂದು ಆಂಟಿ ಕೇಳಿದರು.

"ಚಲೋ ಇದ್ರು. ಒಬ್ಬರ ಮುಖದಂಗ ಇನ್ನೊಬ್ಬರದಿಲ್ಲ." ತಟ್ಟೆ ಸರಿಸಿ ಅಂದಳು: "ಅವ್ವಾ, ಯೂನಿಯಾಗ ಓದುವಾಗ ನಾಲ್ಕು ವರ್ಷ ದಿನಾ ನಿನ್ನ ಹೋಟೆಲ್ ಮುಂದ ಟ್ರ್ಯಾಮ್‌ನಾಗ ಹೋಗ್ತಿದ್ದೆ. ಒಂದು ಸಲನೂ ಒಳಗ ಬರಲಿಲ್ಲ. ಫ್ರೆಂಡ್ಸ್‌ಗೆ ನಮ್ಮವ್ವ ಹೋಟೆಲ್ ಮ್ಯಾನೇಜ್‌ಮೆಂಟ್‌ನಾಗ ಅದಾಳ ಅಂತಿದ್ದೆ."

"ಗೊತ್ತೈತಿ ನನಗ."

"ಹೆಂಗ ಗೊತ್ತು?"

"ನಿನ್ನ ಗೆಳತಿ ಒಬ್ಬಾಕಿ ಮನಿಗೆ ಬಂದಾಗ, ಆಂಟಿ ಎಷ್ಟು ಸ್ಟಾಫ್ ಅದಾರ ನಿಮ್ಮ ಕೈಕೆಳಗ ಅಂತ ಕೇಳಿದ್ಳು. ಮೂವತ್ತು ಅಂದೆ." ಆಂಟಿ ನಕ್ಕರು. ಮಗಳಿಗೆ ನಗಲಾಗಲಿಲ್ಲ. ಅವ್ವನ ಬಲಗೈಯನ್ನು ತನ್ನೆಡೆಗೆ ಎಳೆದುಕೊಂಡು, ಎಕ್ಸ್‌ರೇ ಫಿಲ್ಮು ನೋಡುವ ಹಾಗೆ ಬೆಳಕಿಗೆ ಹಿಡಿದು ನೋಡಿದಳು. ಸಾಬೂನು ನೀರಿಗೆ ಬಿರಿದ ಬೆರಳತುದಿಗಳು, ಹೆಬ್ಬೆರಳ ಬುಡದಲ್ಲಿ ಗಂಟು. ಅದು ಬಂದು ಎಷ್ಟು ದಿನವಾಯಿತು ಎಂದು ಕೇಳಿದಳು. ಏಳೆಂಟು ವರ್ಷ ಎಂದರು ಆಂಟಿ. ಸಿಡ್ನಿಗೆ ಹೋದೊಡನೆ ತೋರಿಸಬೇಕು ಎಂದು ಅಲ್ಲೇ ಫೋನಿನಲ್ಲಿ ಅಪಾಯಿಂಟ್‌ಮೆಂಟ್ ಬುಕ್ ಮಾಡಿದಳು.

ಮರುದಿನ ಹೊರಡುವಾಗ ಯೂಲಾನ್ ಬಸ್ಸಿನವರೆಗೆ ಬಂದು ಒಂದು ಬಟ್ಟೆಚೀಲ ಕೊಟ್ಟಳು. ಅವಳಮ್ಮ ಬೆಳೆದ ನವಣೆ. ಆಂಟಿ ತಮ್ಮ ಹೆಗಲ ಮೇಲಿದ್ದ ಶಾಲನ್ನು ಅವಳಿಗೆ ಹೊದಿಸಿದರು. ಆ ನವಣೆ ಸಿಡ್ನಿ ಏರ್‌ಪೋರ್ಟ್ ದಾಟಲಿಲ್ಲ. ಆಂಟಿ ಕಸ್ಟಮ್ಸ್ ಫಾರ್ಮಿನಲ್ಲಿ ಧಾನ್ಯ ತಂದಿದ್ದೇನೆ ಎಂದು ಪ್ರಾಮಾಣಿಕವಾಗಿ ಬರೆದಿದ್ದರು. ಅಧಿಕಾರಿ ಚೀಲ ಬಿಚ್ಚಿ ನೋಡಿ, ಸಾರಿ, ಬೀಜ ಒಳಗೆ ಬಿಡುವಂತಿಲ್ಲ ಎಂದಳು. ಕೊಡುವ ಮುಂಚೆ ಆಂಟಿ ಒಂದು ಹಿಡಿ ತೆಗೆದು ಅಂಗೈಯಲ್ಲಿ ನೋಡಿ, ವಾಪಸು ಚೀಲಕ್ಕೆ ಸುರಿದರು. ಅಧಿಕಾರಿ ಅಷ್ಟು ಹೊತ್ತು ಸುಮ್ಮನೆ ಕಾದಳಂತೆ.

ರಜೆ ಮುಗಿಸಿ ಬಂದ ಸೋಮವಾರ ಏಳೂಕಾಲಿಗೆ ನಾನು ಹಾಳೆ ಕೊಟ್ಟಾಗ ಆಂಟಿ ಜೇಬಿಗೆ ಹಾಕಿಕೊಂಡು ಹೊರಡಲಿಲ್ಲ. "ಇಂದ್ರೇಶಾ, ಒಂದೈದು ನಿಮಿಷ ಕೊಡು" ಎಂದು ಫೋನು ತೆಗೆದರು. ಐದು ನಿಮಿಷ ಒಂದು ಗಂಟೆಯಾಯಿತು. ನಾನು ಹಾಸ್ಪಿಟ್ಯಾಲಿಟಿ ಓದಿದವನು. ಒಂದು ರೂಮಿಗೆ ಇಪ್ಪತ್ತೇಳು ನಿಮಿಷ ಎಂದು ಲೆಕ್ಕ ಹಾಕಿಕೊಟ್ಟವನು. ಆ ಇಪ್ಪತ್ತೇಳು ನಿಮಿಷದಲ್ಲಿ ಬಾಗಿಲ ಹಿಂದೆ ಏನು ನಡೆಯುತ್ತದೆಂದು ನಾನು ನಿಂತು ನೋಡಿದವನಲ್ಲ.

ಮಧ್ಯಾಹ್ನ ಒಂಬತ್ತನೆಯ ಮಹಡಿಯಲ್ಲಿ ಒಂದು ರೂಮು ಖಾಲಿಯಿತ್ತು. "ಆಂಟಿ, ನನಗೂ ಒಂದ್ಸಲ ತೋರಿಸ್ತೀರಾ?" ಎಂದೆ.

ಅವರು ಒಂದು ಕೈವಸ್ತ್ರ ಕಣ್ಣಿಗೆ ಕಟ್ಟಿಕೊಂಡರು. ಕಿಟಕಿಯಾಚೆ ಮಳೆ ಹನಿಯುತ್ತಿತ್ತು, ಕೆಳಗೆ ಟ್ರ್ಯಾಮಿನ ಗಂಟೆ. ಶೀಟು ಎದ್ದಿತು. ಅದು ಇಳಿದು ಕೂರುವವರೆಗೆ ನಾನು ಉಸಿರಾಡಿದ್ದು ನೆನಪಿಲ್ಲ. ನಾಲ್ಕು ನಿಮಿಷ ಐದು ಸೆಕೆಂಡು. ವಿಮಾನದಲ್ಲಿ ಕೂತು ಮನಸ್ಸಿನಲ್ಲೇ ಅಭ್ಯಾಸ ಮಾಡಿದ್ದರಂತೆ.

ಮೇ ತಿಂಗಳಿಂದ ಹೊಸಬರಿಗೆ ತರಬೇತಿ ಕೊಡುವ ಕೆಲಸವನ್ನು ನಾನು ಆಂಟಿಗೆ ವಹಿಸಿದ್ದೇನೆ. ದಿನಕ್ಕೆ ಏಳೇ ರೂಮು, ಉಳಿದ ಹೊತ್ತು ಕಲಿಸುವುದು. ಹೆಬ್ಬೆರಳಿಗೆ ಡಾಕ್ಟರು ಪಟ್ಟಿ ಕೊಟ್ಟಿದ್ದಾರೆ. ಭಾನುವಾರ ಭಾನುವಾರ ಯೂಲಾನ್‌ಳ ಫೋಟೋಗಳು ಬರುತ್ತವೆ, ಇಲ್ಲಿಂದ ಇವರದು ಹೋಗುತ್ತವೆ. ಎರಡೂ ಕಡೆ ಹೆಚ್ಚಾಗಿ ಹಾಸಿಗೆಯ ಮೂಲೆಗಳೇ.

ಆ ಮಧ್ಯಾಹ್ನದ್ದು ಇನ್ನೊಂದು ಮಾತು ಉಳಿದಿದೆ. ಅವರು ಮುಗಿಸಿದ ಮೇಲೆ ನಾನೂ ಮಾಡುತ್ತೇನೆಂದು ಹೊರಟೆ. ನನ್ನ ಟೈ ಬಿಚ್ಚಿ ಕಣ್ಣಿಗೆ ಕಟ್ಟಿಕೊಂಡೆ. ಶೀಟು ಬೀಸಿದರೆ ನನ್ನ ತಲೆಯ ಮೇಲೆಯೇ ಬಿತ್ತು. ಹೊಲಿಗೆ ಸಿಗಲಿಲ್ಲ, ಮೂಲೆ ಸಿಗಲಿಲ್ಲ, ದಿಂಬಿನ ಗವಸಿಗೆ ಬಾಯಿಯೇ ಇಲ್ಲವೇನೋ ಅನ್ನಿಸಿತು. "ಏ ತಮ್ಮಾ, ಅದು ಟವೆಲ್ಲೋ!" ಎಂದು ಆಂಟಿ ಕೂಗಿದ್ದು ಕೇಳಿಸಿತು. ಟೈ ಸರಿಸಿ ನೋಡಿದರೆ ಅವರು ನಗು ತಡೆಯಲಾರದೆ ಪಕ್ಕದ ಮಂಚದ ಮೇಲೆ ಕುಸಿದು ಕೂತು ಕಣ್ಣೊರೆಸಿಕೊಳ್ಳುತ್ತಿದ್ದರು. ಆರು ವರ್ಷದಲ್ಲಿ ಅವರು ಕೂತದ್ದನ್ನು ನಾನು ನೋಡಿದ್ದು ಅದೇ ಮೊದಲು. ಸಾಕಷ್ಟು ನಕ್ಕ ಮೇಲೆ ಎದ್ದು, ತಾವು ಕೂತ ಜಾಗವನ್ನು ಅಂಗೈಯಿಂದ ಸವರಿ ಸರಿಮಾಡಿ, ಟ್ರಾಲಿ ತಳ್ಳಿಕೊಂಡು ಮುಂದಿನ ರೂಮಿನ ಬಾಗಿಲು ಬಡಿದರು.